ಲೆಕ್ಕಕ್ಕಿಲ್ಲದ ಗೋಲಿ

ಎಂಟೂ ಐವತ್ತಕ್ಕೆ ಗಂಟೆ. ರಾಚ್‌ಡೇಲಿನ ಆಕಾಶ
ಒರೆಸಿಯೂ ಒರೆಸದ ಪಾಟಿಯ ಹಾಗೆ.
ಮೂರನೇ ಇಯತ್ತೆಯ ಮೂವತ್ತು ಮಕ್ಕಳು:
ಕೋಟು ಗೂಟಕ್ಕೆ, ಊಟದ ಡಬ್ಬಿ ಟ್ರಾಲಿಗೆ,
ನೀರಿನ ಬಾಟಲಿ ಕಿಟಕಿಯ ಕಟ್ಟೆಗೆ,
ಓದಿನ ಡೈರಿ ಕೆಂಪು ಬುಟ್ಟಿಗೆ.
ಬುಟ್ಟಿ ನನ್ನದು.

ನಾನು ಟೀಚರಲ್ಲ, ಟೀಚರಿಗೆ ಒತ್ತಾಸೆ.
ಅಂಟಿನ ಕಡ್ಡಿಗಳಿಗೆ ಮುಚ್ಚಳ ಹುಡುಕುವವಳು,
ಬಿದ್ದ ಹಲ್ಲನ್ನು ಲಕೋಟೆಯಲ್ಲಿಟ್ಟು
ಹೆಸರು ಬರೆಯುವವಳು.
ಮಕ್ಕಳ ಬಾಯಲ್ಲಿ ನಾನು ಮಿಸೆಸ್ ಹಿರೇ.
ಮಠವನ್ನು ಮೊದಲ ವಾರವೇ
ಯಾರೋ ಕೆಡವಿದರು.

ಒಂದೊಂದೇ ಡೈರಿ ತೆರೆಯುತ್ತೇನೆ.
ವಾರಕ್ಕೆ ನಾಲ್ಕು ಸಲ ಮನೆಯಲ್ಲಿ ಓದಿ
ದೊಡ್ಡವರ ಸಹಿ ತಂದರೆ
ಗಾಜಿನ ಜಾಡಿಗೆ ಒಂದು ನೀಲಿ ಗೋಲಿ, ಟಣ್.
ಜಾಡಿ ತುಂಬಿದ ದಿನ ಇಡೀ ಕ್ಲಾಸು
ಪೈಜಾಮದಲ್ಲೇ ಬರಬಹುದು,
ಕಾರ್ಪೆಟ್ಟಿನ ಮೇಲೆ ಉರುಳಾಡಿಕೊಂಡು
ಬಿಸಿ ಚಾಕಲೇಟು ಕುಡಿಯಬಹುದು.

ನೂರ್‌ಳ ಅಜ್ಜನದು ಉರ್ದು ಸಹಿ, ಬಳ್ಳಿ ಹಬ್ಬಿದ ಹಾಗೆ.
ಬೀಟ್ರಿಸ್‌ಳ ಮನೆಯಿಂದ ದಿನಕ್ಕೊಂದು ಪ್ಯಾರಾ:
ದನಿಯ ಏರಿಳಿತ ಇವತ್ತು ಸೊಗಸಾಗಿತ್ತು.
ಕಿಟ್ ಹ್ಯಾಲಮ್‌ನ ಪುಟಗಳು ಮಾತ್ರ
ಸೆಪ್ಟೆಂಬರಿನಿಂದ ಬಿಳಿ.
ಅವನಮ್ಮನಿಗೆ ಗೋದಾಮಿನಲ್ಲಿ ರಾತ್ರಿಪಾಳಿ;
ಅವನು ಏಳುವಾಗ ಅವಳು ಮಲಗಿರುತ್ತಾಳೆ,
ಅವನು ಮಲಗುವಾಗ ಅವಳು ಹೊರಟಿರುತ್ತಾಳೆ.
ಬೆಕ್ಕಿಗೆ ಓದಿ ಹೇಳಿದೆ ಮಿಸ್, ಅಂದ ಒಮ್ಮೆ.
ಬೆಕ್ಕಿನ ಸಹಿ ನಡೆಯುತ್ತದಾ?
ನಿಯಮದ ಹಾಳೆ ನೋಡಿದೆವು ಇಬ್ಬರೂ.
ನಡೆಯುವುದಿಲ್ಲ.

ಗಜೇಂದ್ರಗಡದ ನನ್ನ ಸಾಲೆಯಲ್ಲಿ
ಏಳರ ಮಗ್ಗಿ ತಪ್ಪಿದರೆ ಬೆರಳ ಗೆಣ್ಣಿಗೆ ಫೂಟಪಟ್ಟಿ,
ತಪ್ಪದಿದ್ದರೆ
ಎಂಟರ ಮಗ್ಗಿ. ಬಹುಮಾನ ಅಷ್ಟೇ.
ಕಿಸೆಯಲ್ಲಿ ಗೋಲಿ ಸಿಕ್ಕರೆ ಮಾಸ್ತರು
ಬಾವಿಗೆ ಎಸೆಯುತ್ತಿದ್ದರು, ಎಣಿಸಿ ಎಣಿಸಿ.
ಇಲ್ಲಿ ಗೋಲಿಗೇ ಮರ್ಯಾದೆ ಎಂದು
ಮೊದಲ ದಿನ ಒಳಗೊಳಗೇ ನಕ್ಕಿದ್ದೆ.

ನವೆಂಬರಿನ ಒಂದು ಗುರುವಾರ,
ಎಲ್ಲ ಹಾಲ್‌ನಲ್ಲಿ ಪ್ರಾರ್ಥನೆಗೆ ಕೂತಿದ್ದಾಗ
ಸ್ಟೇಪ್ಲರ್ ತರಲು ಬಂದೆ.
ಕಿಟ್ ಕುರ್ಚಿ ಹತ್ತಿ ನಿಂತಿದ್ದ.
ಸದ್ದಾಗದಂತೆ, ಗಾಜಿಗೆ ಆನಿಸಿ, ಬೆರಳಲ್ಲೇ ಜಾರಿಸಿ
ಜಾಡಿಯೊಳಗೆ ಇಳಿಸುತ್ತಿದ್ದ ಒಂದು ಗೋಲಿ:
ದಪ್ಪನೆಯದು, ಮಾಸಲು ಬಿಳಿ, ನಡುವೆ ಕೆಂಪೆಳೆ,
ಒಂದು ಕಡೆ ಚೂರು ಹಾರಿದ್ದು.
ಅವನು ನನ್ನನ್ನು ನೋಡಿದ.
ನಾನು ಸ್ಟೇಪ್ಲರನ್ನು ನೋಡಿದೆ.

ಶುಕ್ರವಾರ ಸ್ಪೆಲಿಂಗ್ ಪರೀಕ್ಷೆ ಮುಗಿದ ಮೇಲೆ
ಮಿಸೆಸ್ ಥಾರ್ನ್‌ಲಿ ಜಾಡಿ ಸುರಿದು ಎಣಿಸಿದರು.
ತೊಂಬತ್ತೊಂದು ಇರಬೇಕು. ತೊಂಬತ್ತೆರಡು.
ಬಿಳಿ ಗೋಲಿಯನ್ನು ಬೆಳಕಿಗೆ ಹಿಡಿದರು: ಇದು ಯಾರದು?
ಮೂವತ್ತು ಜೋಡಿ ಕಣ್ಣು. ಒಂದು ಜೋಡಿ ನೆಲದಲ್ಲಿ.
ನನ್ನದು, ಅಂದೆ.
ದೊಡ್ಡವರಿಗೆ ಗೋಲಿ ಇಲ್ಲ ಮಿಸ್,
ಎಂದು ಕೈ ಎತ್ತಿದಳು ಬೀಟ್ರಿಸ್.

ಗೋಲಿ ಡ್ರಾಯರಿಗೆ ಹೋಯಿತು,
ವಶಪಡಿಸಿಕೊಂಡ ಯೋ-ಯೋಗಳ ಜೊತೆ.
ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಿದ್ದೆವು ನಾವು,
ಬೆನ್ನು ಬಿಡದ ಚಿಕ್ಕ ತಮ್ಮಂದಿರನ್ನು.
ನಾನು ಸುಳ್ಳು ಹೇಳಿ ಉಳಿಸಿದ್ದು ಅವನನ್ನು,
ಕಳೆದದ್ದು ಅವನ ಗೋಲಿಯನ್ನು.
ಮೂರೂವರೆಗೆ ಡ್ರಾಯರ್ ತೆಗೆದು
ಅವನ ಕೋಟಿನ ಕಿಸೆಗೆ ಹಾಕಿದೆ.
ಆಮೇಲೆ ನಿಯಮದ ಹಾಳೆಯನ್ನು
ಮತ್ತೊಮ್ಮೆ, ವಕೀಲಳ ಹಾಗೆ, ಓದಿದೆ.
ದೊಡ್ಡವರು ಎಂದಿದೆ. ಯಾರ ಮನೆಯವರೆಂದಿಲ್ಲ.
ಮನೆ ಎಂದಿದೆ. ಅದನ್ನು
ನೋಡದ ಹಾಗೆ ಮಾಡಿದೆ.

ಈಗ ಗಂಟೆಗೆ ಹತ್ತು ನಿಮಿಷ ಮುಂಚೆ
ಕೋಟುಗಳ ಗೂಟದ ಕೆಳಗೆ ಅವನು ಓದುತ್ತಾನೆ,
ಬೆರಳು ಅಕ್ಷರದಿಂದ ಅಕ್ಷರಕ್ಕೆ
ಒದ್ದೆ ಬೂಟಿನಲ್ಲಿ ಕಲ್ಲು ದಾಟುವ ಹಾಗೆ.
ಮುಗಿದ ಮೇಲೆ ಸಹಿ ಹಾಕುತ್ತೇನೆ ಕನ್ನಡದಲ್ಲಿ,
ಪೂರ್ತಿ, ಕೆಡವಿದ್ದನ್ನು ಸೇರಿಸಿ: ಹಿರೇಮಠ.
ಮೊದಲ ದಿನ ಬಹಳ ಹೊತ್ತು ನೋಡಿದ.
ಕೊನೆಯ ಅಕ್ಷರದ ಮೇಲೆ,
ದುಂಡಗೆ, ನಡುವೆ ಚುಕ್ಕೆಯಿರುವ ಆ ಠದ ಮೇಲೆ
ಬೆರಳಿಟ್ಟ:
ಮಿಸ್, ನಿಮ್ಮ ಹೆಸರಲ್ಲಿ ಒಂದು ಗೋಲಿ ಇದೆ.